ಬೆಂಕಿ ಆರಿಸುವ ಸಿಲಿಂಡರ್ ಪೆಟ್ರೋಲ್ ಟ್ಯಾಂಕ್ ಆದದ್ದು

ನನ್ನ ಗೋ-ಕಾರ್ಟ್‌ಗೆ (ಪುಟ್ಟ ತೆರೆದ ಕಾರು) ಟ್ಯಾಂಕ್ ಬೇಕಿತ್ತು. ಗುಜರಿಯಲ್ಲಿ ಬೆಂಕಿ ಆರಿಸುವ ಹಳೇ ಸಿಲಿಂಡರ್ ಸಿಕ್ಕಿತು. ಒಣ ಪುಡಿ ತುಂಬುವ ಉಕ್ಕಿನದು. ಕಾರ್ಬನ್ ಡೈಆಕ್ಸೈಡ್‌ನದು ಬೇಡ, ಗೋಡೆ ದಪ್ಪ, ಸುಮ್ನೆ ಭಾರ. ಪೆಟ್ರೋಲ್, ಥಿನ್ನರ್ ಇದ್ದ ಡಬ್ಬವನ್ನಂತೂ ನಾನು ಮುಟ್ಟುವುದೇ ಇಲ್ಲ. ತೊಳೆದರೂ ಸಂದಿಯಲ್ಲಿ ಆವಿ ಉಳಿದಿರುತ್ತದೆ, ವೆಲ್ಡಿಂಗ್ ಮಾಡುವಾಗ ಸಿಡಿಯುತ್ತದೆ.

ಗೇಜಿನ ಮುಳ್ಳು ಸೊನ್ನೆ ತೋರಿಸುತ್ತಿತ್ತು. ಅದನ್ನು ನಂಬದೆ ಹಿಡಿಕೆ ಒತ್ತಿ ಉಳಿದ ಒತ್ತಡ ಬಿಟ್ಟೆ. ಆಮೇಲೆ ವಾಲ್ವನ್ನು ನಿಧಾನವಾಗಿ ಬಿಚ್ಚಿದೆ. ಎಬಿಸಿ ಪುಡಿಯಲ್ಲಿ (ಹಲವು ಬಗೆಯ ಬೆಂಕಿ ಆರಿಸುವ ಒಣ ಪುಡಿ) ಮೋನೋ ಅಮೋನಿಯಂ ಫಾಸ್ಫೇಟ್ ಎಂಬ ರಾಸಾಯನಿಕ ಇರುತ್ತದೆ, ನೀರು ತಾಗಿದರೆ ಉಕ್ಕನ್ನು ತಿನ್ನುತ್ತದೆ. ಹಾಗಾಗಿ ಒಣಗಿದ್ದಾಗಲೇ ಪುಡಿಯನ್ನೆಲ್ಲ ಸುರಿದು, ಬಳಿಕ ಬಿಸಿನೀರಲ್ಲಿ ಚೆನ್ನಾಗಿ ತೊಳೆದೆ. ಒಳಗೆ ನಟ್ಟುಗಳನ್ನು ಹಾಕಿ ಕುಲುಕಿದರೆ ತುಕ್ಕೂ ಉದುರುತ್ತದೆ.

ಪೆಟ್ರೋಲ್ ಹಿಡಿದಿಡುವುದು ಯಾವ ಡಬ್ಬಕ್ಕೂ ಗೊತ್ತು. ಬಿಟ್ಟುಕೊಡುವುದೇ ಕಷ್ಟ. ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರದಿದ್ದರೆ ಹರಿವು ನಿಲ್ಲುತ್ತದೆ. ಎಂಜಿನ್ ಸ್ವಲ್ಪ ದೂರ ಓಡಿ ಕೆಮ್ಮಿ ಆಫ್ ಆಗುತ್ತದೆ. ಎಷ್ಟೋ ಜನ ಆಗ ಕಾರ್ಬುರೇಟರ್ ಬಿಚ್ಚಿ ಕೂರುತ್ತಾರೆ! ಮುಚ್ಚಳ ಸಡಿಲಿಸಿದ ತಕ್ಷಣ ಸರಿಹೋದರೆ ತೊಂದರೆ ಗಾಳಿಯದು. ನಾನು ಮೇಲ್ಭಾಗಕ್ಕೆ ಸಣ್ಣ ಪೈಪ್ ಕೂರಿಸಿ, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಹಾಕಿದೆ.

ಪೆಟ್ರೋಲ್ ಹೋಗುವ ಪೈಪಿನ ಬಾಯಿ ತಳಕ್ಕೆ ತಾಗುವುದಿಲ್ಲ, ಸ್ವಲ್ಪ ಮೇಲಿದೆ. ಕಸ, ನೀರು ತಳದಲ್ಲೇ ಕೂರುತ್ತವೆ. ಅದನ್ನು ತೆಗೆಯಲು ತಳದಲ್ಲಿ ಬೇರೆ ಬೋಲ್ಟ್ ಇದೆ. ಕಾಕ್ (ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ಆದಮೇಲೆ ಫಿಲ್ಟರ್, ಅಲ್ಲಿಂದ ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪ್. ಮಾಮೂಲಿ ನೀರಿನ ಪೈಪ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ. ನನ್ನದರಲ್ಲಿ ಪಂಪ್ ಇಲ್ಲ, ಆದ್ದರಿಂದ ಟ್ಯಾಂಕ್ ಕಾರ್ಬುರೇಟರ್‌ಗಿಂತ ಎತ್ತರದಲ್ಲಿರಲೇಬೇಕು, ಸೈಲೆನ್ಸರ್‌ನಿಂದ ದೂರವೂ ಇರಬೇಕು. ನಡುವೆ ರಬ್ಬರ್ ಇಟ್ಟು ಉಕ್ಕಿನ ಪಟ್ಟಿಯಿಂದ ಬಿಗಿದೆ.

ಸೋರಿಕೆ ನೋಡಲು ಸೈಕಲ್ ಪಂಪಿನಿಂದ 2-3 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿ, ಬೆಸುಗೆಗೆ ಸೋಪಿನ ನೀರು ಹಚ್ಚಿದೆ. ಗುಳ್ಳೆ ಬರಲಿಲ್ಲ. ಆದರೂ ಇದು ಅಂಗಳ, ಮೈದಾನಕ್ಕೆ ಮಾತ್ರ. ರಸ್ತೆಗೆ ಕಂಪನಿ ಟ್ಯಾಂಕೇ ಸರಿ.

ಕೊನೆಗೆ ಕೆಂಪು ಬಣ್ಣ ಕೆರೆದು ಕಪ್ಪು ಬಳಿದು, ದಪ್ಪ ಅಕ್ಷರದಲ್ಲಿ ‘ಪೆಟ್ರೋಲ್’ ಎಂದು ಬರೆದೆ. ಬೆಂಕಿ ಬಿದ್ದಾಗ ಯಾರಾದರೂ ಆರಿಸಲು ಇದನ್ನೇ ಎತ್ತಿಕೊಂಡು ಓಡಿದರೆ ಕಷ್ಟ ಅಲ್ವಾ?