ಹೊಸ ಹೈಬ್ರಿಡ್ ಪಿಕಪ್‌ನ ಮೊದಲ ವರ್ಷ: ಆರೈಕೆ ಮತ್ತು ಮೊದಲ ಆಯಿಲ್ ಬದಲಾವಣೆ

ನಮ್ಮೂರಿನಲ್ಲಿ ಹೊಸ ಬೈಕ್ ಕೊಂಡವರಿಗೆ ಮೊದಲ ಫ್ರೀ ಸರ್ವಿಸ್ ಯಾವಾಗ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐನೂರೋ ಸಾವಿರವೋ ಕಿಲೋಮೀಟರ್ ಓಡಿದೊಡನೆ ಗಾಡಿ ಶೋರೂಮಿಗೆ ಹೋಗುತ್ತಿತ್ತು, ಕಪ್ಪಾದ ಆಯಿಲ್ ಇಳಿದು ಹೊಸದು ಬೀಳುತ್ತಿತ್ತು. ಆ ರೂಢಿಯಲ್ಲಿ ಬೆಳೆದು ಅಮೆರಿಕಕ್ಕೆ ಬಂದವರು ಇಲ್ಲಿ ಹೊಸ ಹೈಬ್ರಿಡ್ ಟ್ರಕ್ ಕೊಂಡು, ಮೊದಲ ಆಯಿಲ್ ಬದಲಾವಣೆಯನ್ನು 10,000 ಮೈಲಿಯವರೆಗೂ ಮುಂದೂಡಬಹುದೆಂದು ಮ್ಯಾನುಯಲ್‌ನಲ್ಲಿ ಓದಿದಾಗ ಗೊಂದಲಕ್ಕೆ ಬೀಳುವುದು ಸಹಜ. ಆ ಗೊಂದಲವನ್ನು ಬಿಡಿಸುವುದಕ್ಕಾಗಿ ಈ ಬರಹ. ಉದಾಹರಣೆಗೆ ಫೋರ್ಡ್ ಕಂಪನಿ 2021ರ ಜೂನ್‌ನಲ್ಲಿ ಪರಿಚಯಿಸಿದ ಮ್ಯಾವರಿಕ್ ಪಿಕಪ್‌ನ ಹೈಬ್ರಿಡ್ ಮಾದರಿಯನ್ನು ತೆಗೆದುಕೊಂಡಿದ್ದೇನೆ. ಬೇರೆ ಕಂಪನಿಯ ಹೈಬ್ರಿಡ್ ಇದ್ದವರಿಗೂ ತತ್ವ ಇದೇ ಆಗಿರುತ್ತದೆ, ಅಂಕಿಗಳನ್ನು ಮಾತ್ರ ತಮ್ಮ ಗಾಡಿಯ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಬೇಕು.

ಈ ಟ್ರಕ್‌ನಲ್ಲಿ 2.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಇದೆ. ಅದಕ್ಕೆ ಜೊತೆಯಾಗಿ ವಿದ್ಯುತ್ ಮೋಟರ್ ಮತ್ತು ಹಿಂದಿನ ಸೀಟಿನ ಕೆಳಗೆ 1.1 ಕಿಲೋವ್ಯಾಟ್-ಅವರ್ ಸಾಮರ್ಥ್ಯದ ಲಿಥಿಯಂ-ಅಯಾನ್ ಬ್ಯಾಟರಿ ಇವೆ. ಗಾಡಿ ಚಲಿಸುತ್ತಿರುವಾಗಲೂ ಎಂಜಿನ್ ಎಷ್ಟೋ ಹೊತ್ತು ನಿಂತೇ ಇರುತ್ತದೆ. ಹಾಗಾಗಿ ಓಡೋಮೀಟರ್ ತೋರಿಸುವ ಮೈಲಿಗಳೆಲ್ಲ ಎಂಜಿನ್ ದುಡಿದ ಮೈಲಿಗಳಲ್ಲ. ಹೈಬ್ರಿಡ್‌ನ ಆರೈಕೆಯಲ್ಲಿ ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ ಇದು. ಅದರ ಅರ್ಥ ಎಂಜಿನ್‌ಗೆ ಬರೀ ವಿಶ್ರಾಂತಿ ಎಂದಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಗಾಡಿ ಮನೆಗೆ ಬಂದ ಮೊದಲ ವಾರದಲ್ಲಿ ನೋಡಬೇಕಾದವು ಹೆಚ್ಚೇನಿಲ್ಲ. ಸಾಗಣೆಗೆಂದು ಟೈರುಗಳಿಗೆ ತುಂಬಿದ ಹೆಚ್ಚಿನ ಗಾಳಿಯನ್ನು ಕೆಲವು ಡೀಲರುಗಳು ಇಳಿಸದೆಯೇ ಗಾಡಿ ಕೊಡುವುದುಂಟು. ಆದ್ದರಿಂದ ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆದು, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗೆ ತನ್ನಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟವನ್ನೂ, ಬಾನೆಟ್ ಕೆಳಗಿನ ಕೂಲಂಟ್ ಮತ್ತು ಬ್ರೇಕ್ ದ್ರವದ ಮಟ್ಟವನ್ನೂ ಒಮ್ಮೆ ಬರೆದಿಟ್ಟುಕೊಂಡರೆ, ಮುಂದೆ ಯಾವುದಾದರೂ ಇಳಿದಾಗ ಹೋಲಿಸಿ ನೋಡಲು ಆಧಾರವಿರುತ್ತದೆ. 12 ವೋಲ್ಟ್‌ನ ಸಣ್ಣ ಬ್ಯಾಟರಿಯನ್ನು ಉಪೇಕ್ಷಿಸಬೇಡಿ. ಹೈಬ್ರಿಡ್‌ನ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿಯ ಕಂಪ್ಯೂಟರುಗಳು ಎಚ್ಚರಗೊಳ್ಳಬೇಕಾದರೆ ಈ ಸಣ್ಣ ಬ್ಯಾಟರಿಯೇ ಬೇಕು. ಡೀಲರ್ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತು ಬಂದ ಹೊಸ ಗಾಡಿಯಲ್ಲಿ ಅದು ಸೊರಗಿರುವ ಸಾಧ್ಯತೆ ಇರುತ್ತದೆ. ಹೊಸ ಗಾಡಿಯೆಂದು ಸಂಕೋಚಪಡದೆ, ಗಾಡಿ ಪಡೆಯುವ ದಿನವೇ ಅದನ್ನು ಪರೀಕ್ಷಿಸಿ ಕೊಡುವಂತೆ ಕೇಳುವುದು ಒಳ್ಳೆಯದು.

ಅದೇ ವಾರದಲ್ಲಿ ಗಾಡಿಯ 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆಯನ್ನು (ಗಾಡಿಯ ಗುರುತಿನ ಸಂಖ್ಯೆ) ಅಮೆರಿಕ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ, ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಗಳನ್ನು ಮರಳಿ ಕರೆಯುವುದು) ಬಾಕಿ ಇದೆಯೇ ಎಂದು ನೋಡಿ. ಸೆಕೆಂಡ್ ಹ್ಯಾಂಡ್ ಕೊಂಡವರಿಗಂತೂ ಇದು ತಪ್ಪಿಸಬಾರದ ಕೆಲಸ. ಇದೇ 2.5 ಲೀಟರ್ ಎಂಜಿನ್ ಇರುವ ಮ್ಯಾವರಿಕ್, ಎಸ್ಕೇಪ್ ಮತ್ತು ಲಿಂಕನ್ ಕೋರ್ಸೇರ್ ಗಾಡಿಗಳನ್ನು 2022ರ ಜುಲೈನಲ್ಲಿ ರೀಕಾಲ್ ಮಾಡಲಾಗಿತ್ತು. ಎಂಜಿನ್ ಕೆಟ್ಟು ಒಡೆದರೆ ಹೊರಬರುವ ಎಣ್ಣೆ ಮತ್ತು ಇಂಧನದ ಆವಿ ಬಿಸಿ ಭಾಗಗಳ ಬಳಿ ಶೇಖರವಾಗಿ ಬೆಂಕಿ ಹೊತ್ತಿಕೊಳ್ಳಬಹುದು ಎಂಬುದು ಅದಕ್ಕೆ ಕಾರಣ. ಆಗಿನ ಪರಿಹಾರದಲ್ಲಿ ಎಂಜಿನ್ ಅಡಿಯ ರಕ್ಷಾಹಲಗೆಯ ಮಾರ್ಪಾಡೂ ಸೇರಿತ್ತು. ಆಯಿಲ್ ಬದಲಿಸುವಾಗ ನಾವು ಬಿಚ್ಚಿ ಹಾಕುವುದು ಇದೇ ಹಲಗೆಯನ್ನು. ಅದರಲ್ಲಿ ಕಾಣುವ ಕಿಂಡಿಗಳು ಬೇಕೆಂದೇ ಮಾಡಿದವು, ಅವನ್ನು ಟೇಪಿನಿಂದಾಗಲಿ ಬೇರೆ ಯಾವುದರಿಂದಾಗಲಿ ಮುಚ್ಚಬಾರದು.

ಮೊದಲ 1,000 ಮೈಲಿ, ಎಂದರೆ 1,600 ಕಿಲೋಮೀಟರ್‌ವರೆಗೆ, ಅತಿ ವೇಗ, ಬಿರುಸಿನ ಬ್ರೇಕ್ ಮತ್ತು ಟ್ರೇಲರ್ ಎಳೆಯುವುದನ್ನು ತಪ್ಪಿಸಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದಕ್ಕಿಂತ ವೇಗವನ್ನು ಏರಿಳಿಸುತ್ತ ಓಡಿಸುವುದು ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳಲು ನೆರವಾಗುತ್ತದೆ. ಈ ಅವಧಿಯಲ್ಲಿ ಆಯಿಲ್‌ಗೆ ಬೇರೆ ರಾಸಾಯನಿಕ ಮಿಶ್ರಣಗಳನ್ನು ಹಾಕಬೇಡಿ.

ಈಗ ಮೊದಲ ಆಯಿಲ್ ಬದಲಾವಣೆಯ ಕಾಲದ ಪ್ರಶ್ನೆ. ಎಂಜಿನ್ ಹೇಗೆ ದುಡಿಯುತ್ತಿದೆ ಎಂಬುದನ್ನು ಲೆಕ್ಕಹಾಕಿ ಆಯಿಲ್‌ನ ಆಯುಷ್ಯವನ್ನು ಅಂದಾಜಿಸುವ ವ್ಯವಸ್ಥೆ ಈ ಗಾಡಿಯಲ್ಲಿದೆ. ಕಂಪನಿಯ ಮ್ಯಾನುಯಲ್ ಪ್ರಕಾರ ಸಾಮಾನ್ಯ ಬಳಕೆಯಲ್ಲಿ 7,500ರಿಂದ 10,000 ಮೈಲಿಗೆ, ಕಠಿಣ ಬಳಕೆಯಲ್ಲಿ 5,000ದಿಂದ 7,500 ಮೈಲಿಗೆ, ಅತಿ ಕಠಿಣ ಬಳಕೆಯಲ್ಲಿ 3,000ದಿಂದ 5,000 ಮೈಲಿಗೆ ಪರದೆಯ ಮೇಲೆ ಸೂಚನೆ ಬರಬೇಕು. ಏನೇ ಆದರೂ ಒಂದು ವರ್ಷ ಅಥವಾ 10,000 ಮೈಲಿ ಮೀರುವಂತಿಲ್ಲ. ಹೈಬ್ರಿಡ್ ಇರುವವರು ಇಲ್ಲಿ ‘ಒಂದು ವರ್ಷ’ ಎಂಬ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮನೆಯಿಂದ ಕೆಲಸ ಮಾಡುವವರ ಟ್ರಕ್ ವರ್ಷವಿಡೀ 4,000 ಮೈಲಿಯೂ ಓಡದಿರಬಹುದು, ಆದರೂ ಆ ಎಣ್ಣೆ ಹಳೆಯದೇ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ಕಾರಿನ ಎಂಜಿನ್ ಒಮ್ಮೆ ಶುರುವಾದರೆ ಬಿಸಿಯಾಗಿ ಬಿಸಿಯಾಗಿಯೇ ಉಳಿಯುತ್ತದೆ. ಹೈಬ್ರಿಡ್‌ನಲ್ಲಿ ಎಂಜಿನ್ ಎರಡು ನಿಮಿಷ ಓಡಿ, ಐದು ನಿಮಿಷ ನಿಂತು, ಮತ್ತೆ ಏಳುತ್ತದೆ. ಮಿಷಿಗನ್, ಮಿನೆಸೋಟದಂತಹ ಕಡೆ ಜನವರಿಯ ಚಳಿಯಲ್ಲಿ ಅಂಗಡಿಗೂ ಮಕ್ಕಳ ಶಾಲೆಗೂ ಎರಡೆರಡು ಮೈಲಿ ಓಡಿಸಿದರೆ, ಎಣ್ಣೆ ಪೂರ್ತಿ ಕಾಯುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ಪೂರ್ತಿ ಉರಿಯದ ಪೆಟ್ರೋಲ್‌ನ ಒಂದಿಷ್ಟು ಭಾಗ ರಿಂಗುಗಳನ್ನು ದಾಟಿ ಎಣ್ಣೆಗೆ ಇಳಿಯುತ್ತದೆ, ದಹನದಿಂದ ಹುಟ್ಟಿದ ನೀರಿನ ಆವಿಯೂ ಅಲ್ಲಿಯೇ ತಂಗುತ್ತದೆ. ಎಣ್ಣೆ ಸಾಕಷ್ಟು ಹೊತ್ತು ಕಾದರೆ ಇವೆರಡೂ ಆವಿಯಾಗಿ ಹೋಗುತ್ತವೆ, ಇಲ್ಲವಾದರೆ ಉಳಿದು ಎಣ್ಣೆಯನ್ನು ತೆಳುವಾಗಿಸುತ್ತವೆ. ಚಳಿಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಕಾಫಿ ನೊರೆಯಂತಹ ಪದರ ಕಂಡರೆ ಅದು ಹೆಚ್ಚಾಗಿ ಈ ತೇವದ ಗುರುತು. ಒಂದು ಉದ್ದದ ಹೆದ್ದಾರಿ ಪ್ರಯಾಣದ ಬಳಿಕ ಅದು ಮಾಯವಾಗಬೇಕು, ಮಾಯವಾಗದಿದ್ದರೆ ಅಥವಾ ಜೊತೆಗೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ತೋರಿಸಲೇಬೇಕು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದು, ಎಣ್ಣೆಗೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪರದೆ ಎಷ್ಟೇ ಶೇಕಡಾ ಆಯುಷ್ಯ ತೋರಿಸಲಿ, ಎಣ್ಣೆ ಬದಲಿಸಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೆದ್ದಾರಿಯಲ್ಲಿ ಓಡಿಸುವ ಅಭ್ಯಾಸ ಈ ತೊಂದರೆಗೆ ಒಳ್ಳೆಯ ಮದ್ದು.

ಹೊಸ ಎಂಜಿನ್‌ನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಸೂಕ್ಷ್ಮ ಕಣಗಳು ಎಣ್ಣೆಗೆ ಸೇರುವುದು ನಿಜ, ಅವುಗಳಲ್ಲಿ ದೊಡ್ಡವನ್ನು ಫಿಲ್ಟರ್ ಹಿಡಿಯುತ್ತದೆ. ಮೊದಲ ಎಣ್ಣೆಯನ್ನು ಬೇಗ ತೆಗೆಯಬೇಕೆಂದು ಕಂಪನಿ ಕೇಳುವುದಿಲ್ಲ, ತೆಗೆದರೆ ವಾರಂಟಿಗೆ ಧಕ್ಕೆಯೂ ಇಲ್ಲ. ನನ್ನ ತೀರ್ಮಾನ ಹೀಗಿದೆ: ಮೊದಲ ಬದಲಾವಣೆ 3,000ದಿಂದ 5,000 ಮೈಲಿಯೊಳಗೆ ಅಥವಾ ಆರು ತಿಂಗಳಿಗೆ, ಇವೆರಡರಲ್ಲಿ ಯಾವುದು ಮೊದಲೋ ಆಗ. ಬಳಿಕ ಚಳಿನಾಡಿನಲ್ಲಿ ಚಿಕ್ಕ ಪ್ರಯಾಣ ಮಾಡುವವರು 5,000 ಮೈಲಿಗೊಮ್ಮೆ, ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಗಾಡಿಯ ಸೂಚನೆಯಂತೆ. ಹತ್ತು ಹದಿನೈದು ವರ್ಷ ಇಟ್ಟುಕೊಳ್ಳಬೇಕೆಂದು ಕೊಂಡ ಗಾಡಿಗೆ ಒಂದು ಬಾರಿಯ ಹೆಚ್ಚಿನ ಎಣ್ಣೆ ದೊಡ್ಡ ಖರ್ಚಲ್ಲ. ಮೂರು ವರ್ಷದ ಲೀಸ್ ಮೇಲೆ ತೆಗೆದುಕೊಂಡವರು ಮ್ಯಾನುಯಲ್ ಹೇಳಿದಷ್ಟನ್ನು ಮಾಡಿದರೆ ಸಾಕು.

ಎಣ್ಣೆಯನ್ನು ಮನೆಯಲ್ಲೇ ಬದಲಿಸಿದರೆ ವಾರಂಟಿ ಹೋಗುತ್ತದೆಂದು ಹಲವರು ಅಂಜುತ್ತಾರೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇರುವುದರಿಂದ, ಡೀಲರ್ ಬಳಿಯೇ ಸರ್ವಿಸ್ ಮಾಡಿಸಿಲ್ಲ ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ನಿರಾಕರಿಸುವಂತಿಲ್ಲ. ಆದರೆ ಸರಿಯಾದ ಎಣ್ಣೆಯನ್ನು ಸರಿಯಾದ ಕಾಲಕ್ಕೆ ಹಾಕಿದ್ದೀರೆಂಬ ದಾಖಲೆ ನಿಮ್ಮಲ್ಲಿರಬೇಕು. ಎಣ್ಣೆ ಮತ್ತು ಫಿಲ್ಟರ್‌ನ ರಸೀದಿ, ದಿನಾಂಕ, ಮೈಲಿ, ಓಡೋಮೀಟರ್‌ನ ಫೋಟೋ ಇವಿಷ್ಟನ್ನು ಒಂದು ಕಡೆ ಇಟ್ಟುಕೊಳ್ಳಿ.

ಸಾಮಗ್ರಿ ಕೊಳ್ಳುವಾಗ ಎರಡು ವಿಷಯ ಗಮನಿಸಿ. ಈ ಎಂಜಿನ್‌ಗೆ 0ಡಬ್ಲ್ಯೂ-20 ಎಂಬ ತೆಳು ದರ್ಜೆಯ ಎಣ್ಣೆ ಬೇಕು. ಮೆಕ್ಯಾನಿಕ್ ರೂಢಿಬಲದಿಂದ ದಪ್ಪನೆಯದನ್ನು ಹಾಕಲು ಹೊರಟರೆ ತಡೆಯಿರಿ, ತಣ್ಣಗಿದ್ದಾಗಲೂ ಬೇಗ ಹರಿದು ಎಲ್ಲ ಭಾಗಗಳನ್ನು ಮುಟ್ಟುವ ಎಣ್ಣೆಯೇ ಆಗಾಗ ನಿಂತು ಏಳುವ ಎಂಜಿನ್‌ಗೆ ಹಿತ. ಫಿಲ್ಟರ್ ಸಹಿತ ಹಿಡಿಯುವ ಎಣ್ಣೆ ಸುಮಾರು 5.7 ಕ್ವಾರ್ಟ್, ಅಂದರೆ 5.4 ಲೀಟರ್. ಅಂಗಡಿಗಳಲ್ಲಿ ಸಿಗುವ 5 ಕ್ವಾರ್ಟ್‌ನ ಕ್ಯಾನ್ ಒಂದೇ ಸಾಲದು, ಜೊತೆಗೆ ಒಂದು ಕ್ವಾರ್ಟ್ ಬಾಟಲಿಯನ್ನೂ ತನ್ನಿ.

ಕೆಲಸಕ್ಕೆ ಇಳಿಯುವಾಗ ಹೈಬ್ರಿಡ್‌ನದೇ ಆದ ಒಂದು ಅಪಾಯವನ್ನು ಮರೆಯಬಾರದು. ಗಾಡಿ ನಿಶ್ಶಬ್ದವಾಗಿದೆಯೆಂದ ಮಾತ್ರಕ್ಕೆ ಅದು ಆಫ್ ಆಗಿದೆಯೆಂದಲ್ಲ. ಹೊರಡಲು ಸಿದ್ಧ ಎಂಬ ಸೂಚನೆ ಪರದೆಯಲ್ಲಿದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿಯೇ ಶುರುವಾಗಬಹುದು. ಆದ್ದರಿಂದ ಮೊದಲು ಐದು ಹತ್ತು ನಿಮಿಷ ಎಂಜಿನ್ ಓಡಿಸಿ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಳ್ಳಿ. ಎಂಜಿನ್ ಏಳದಿದ್ದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದಾಗ ಸಾಮಾನ್ಯವಾಗಿ ಏಳುತ್ತದೆ. ಬಳಿಕ ಗಾಡಿಯನ್ನು ಪೂರ್ತಿ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕೀಲಿಯನ್ನು ಮನೆಯೊಳಗೆ ದೂರ ಇಟ್ಟು ಬನ್ನಿ. ಮಟ್ಟಸವಾದ ನೆಲದ ಮೇಲೆ ರ್‍ಯಾಂಪ್ ಅಥವಾ ಭಾರಕ್ಕೆ ತಕ್ಕ ಜಾಕ್ ಸ್ಟ್ಯಾಂಡ್ ಬಳಸಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಕೆಳಗೆ ಕಾಣುವ ಕಿತ್ತಳೆ ಬಣ್ಣದ ತಂತಿಗಳಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ, ಅವನ್ನು ಮುಟ್ಟಬಾರದು.

ರಕ್ಷಾಹಲಗೆಯನ್ನು ಬಿಚ್ಚಿ ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿಟ್ಟು, ಡ್ರೇನ್ ಬೋಲ್ಟ್‌ನ ಕೆಳಗೆ ಅಗಲವಾದ ಬೋಗುಣಿ ಇರಿಸಿ. ಎಣ್ಣೆ ಧಾರೆ ನಿಂತು ಹನಿಯಾಗುವವರೆಗೆ ಕಾಯಿರಿ. ಅಷ್ಟರಲ್ಲಿ ಹಳೆಯ ಫಿಲ್ಟರ್ ಬಿಚ್ಚಿದರೆ, ಅದರ ರಬ್ಬರ್ ಉಂಗುರವೂ ಜೊತೆಯಲ್ಲೇ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಹಳೆಯ ಉಂಗುರ ಎಂಜಿನ್‌ಗೆ ಅಂಟಿಕೊಂಡಿದ್ದು ಅದರ ಮೇಲೆಯೇ ಹೊಸ ಫಿಲ್ಟರ್ ಕೂತರೆ ಎಣ್ಣೆಯೆಲ್ಲ ದಾರಿಯಲ್ಲಿ ಸೋರಿಹೋಗುತ್ತದೆ. ಹೊಸ ಫಿಲ್ಟರ್‌ನ ಉಂಗುರಕ್ಕೆ ಬೆರಳಿನಿಂದ ಹೊಸ ಎಣ್ಣೆ ಸವರಿ ಕೈಯಿಂದಲೇ ತಿರುಗಿಸಿ, ಉಂಗುರ ತಾಗಿದ ಮೇಲೆ ಅದರ ಡಬ್ಬಿಯಲ್ಲಿ ಬರೆದಷ್ಟು ಮಾತ್ರ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿಮಾಡಿ. ಡ್ರೇನ್ ಬೋಲ್ಟ್‌ನ ಎಳೆಗಳು ಮೊದಲ ಕೆಲವು ಸುತ್ತು ಬೆರಳಿನಿಂದಲೇ ಸರಾಗವಾಗಿ ಹಿಡಿಯಬೇಕು, ಹಿಡಿಯದಿದ್ದರೆ ಪಾನಾ ಹಾಕಿ ಒತ್ತಾಯಿಸದೆ ಬಿಚ್ಚಿ ಮತ್ತೆ ಶುರುಮಾಡಿ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಇರಲಿ, ಅತಿ ಬಿಗಿ ಮಾಡಿ ಎಳೆ ಹಾಳಾದರೆ ಆಯಿಲ್ ಪ್ಯಾನನ್ನೇ ಬದಲಿಸಬೇಕಾದೀತು.

ಮೊದಲು 5 ಕ್ವಾರ್ಟ್ ಸುರಿದು ಡಿಪ್‌ಸ್ಟಿಕ್ ನೋಡಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಒಂದೆರಡು ನಿಮಿಷ ಎಂಜಿನ್ ಓಡಿಸುತ್ತ ಫಿಲ್ಟರ್ ಮತ್ತು ಬೋಲ್ಟ್‌ನ ಸುತ್ತ ಸೋರುತ್ತಿದೆಯೇ ಎಂದು ನೋಡಿ. ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು, ಗಾಡಿಯನ್ನು ಮಟ್ಟಸ ನೆಲಕ್ಕೆ ಇಳಿಸಿದ ಮೇಲೆ ಮಟ್ಟವನ್ನು ಮತ್ತೆ ಅಳೆಯಿರಿ. ಮೇಲಿನ ಗುರುತನ್ನು ದಾಟಿದರೂ ಎಂಜಿನ್‌ಗೆ ಹಾನಿಯೇ. ಪರದೆಯ ಮೆನುವಿನಲ್ಲಿ ಆಯಿಲ್ ಆಯುಷ್ಯವನ್ನು 100ಕ್ಕೆ ಮರಳಿಸುವುದು ಈ ಕೆಲಸದ ಭಾಗವೇ. ಎಣ್ಣೆ ಬದಲಿಸದೆ ಅದನ್ನು ಮರಳಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ ಆಟೋಝೋನ್ ಅಥವಾ ಓ'ರೈಲಿಯಂತಹ ಅಂಗಡಿಗೆ ಕೊಡಿ, ಹೆಚ್ಚಿನ ಶಾಖೆಗಳಲ್ಲಿ ಹಣವಿಲ್ಲದೆ ತೆಗೆದುಕೊಳ್ಳುತ್ತಾರೆ. ಅದನ್ನು ಚರಂಡಿಗೆ ಸುರಿಯುವುದು ಅಪರಾಧ, ಅಷ್ಟೇ ಅಲ್ಲ, ಒಂದು ಬಾರಿಯ ಆಯಿಲ್ ಬದಲಾವಣೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ.

ಆಯಿಲ್ ಬದಲಿಸುವ ದಿನವೇ ಟೈರುಗಳ ಸ್ಥಾನವನ್ನೂ ಬದಲಿಸಿದರೆ ಚಕ್ರ ಕಳಚಿದಾಗ ಬ್ರೇಕ್ ನೋಡಲು ಅನುಕೂಲ. ಹೈಬ್ರಿಡ್ ನಿಧಾನವಾಗುವಾಗ ಬಹುಪಾಲು ಕೆಲಸವನ್ನು ಮೋಟರೇ ಮಾಡಿ ಬ್ಯಾಟರಿಗೆ ವಿದ್ಯುತ್ ತುಂಬುವುದರಿಂದ ಬ್ರೇಕ್ ಪ್ಯಾಡ್‌ಗಳು ಬಹುಕಾಲ ಬರುತ್ತವೆ. ಆದರೆ ಕಡಿಮೆ ಬಳಕೆಯಾಗುವ ಕಾರಣಕ್ಕೇ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಡಿಸ್ಕ್ ತುಕ್ಕು ಹಿಡಿದು, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ಬಿಗಿದುಕೊಳ್ಳುತ್ತವೆ. ಚಳಿಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಆ ಪಿನ್‌ಗಳನ್ನು ತೆಗೆದು ಒರೆಸಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿಸಿ. ಚಕ್ರದ ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ 135 ನ್ಯೂಟನ್-ಮೀಟರ್, ಅಂದರೆ 100 ಪೌಂಡ್-ಅಡಿ ಬಿಗಿತಕ್ಕೆ ತಂದು, 100 ಮೈಲಿ ಓಡುವುದರೊಳಗೆ ಅದೇ ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಪರೀಕ್ಷಿಸಿ. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ರಾತ್ರಿ ಎಂಜಿನ್ ಕೆಳಗೆ ಹಾಸಿಟ್ಟ ರಟ್ಟಿನ ಹಾಳೆಯ ಮೇಲೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ.