ಹಳೆಯ ಸಿಓಟು ಲೇಸರ್ ವೆಲ್ಡಿಂಗ್ ಯಂತ್ರಕ್ಕೆ ಕಳೆದ ಪವರ್ ಮರಳಿಸಿದ ಬಗೆ

ಯಂತ್ರ ಡಿ.ಸಿ. ಡಿಸ್ಚಾರ್ಜ್‌ನ ಫಾಸ್ಟ್ ಆಕ್ಸಿಯಲ್ ಫ್ಲೋ ಮಾದರಿಯ ಸಿಓಟು ಲೇಸರ್, ಅಂದರೆ ಟ್ಯೂಬಿನುದ್ದಕ್ಕೂ ವೇಗವಾಗಿ ಹರಿಯುವ ಕಾರ್ಬನ್ ಡೈಆಕ್ಸೈಡ್ ಬೆರೆತ ಅನಿಲದೊಳಗೆ ವಿದ್ಯುತ್ ಹಾಯಿಸಿ (ಇದೇ ಡಿಸ್ಚಾರ್ಜ್) ಕಿರಣ ಪಡೆಯುವಂಥದ್ದು. ನೇಮ್ ಪ್ಲೇಟಿನಲ್ಲಿರುವ ಪವರ್ 3 ಕಿಲೋವ್ಯಾಟ್. ಕೆಲಸ ಗೇರ್ ಚಕ್ರಕ್ಕೆ ಸಿಂಕ್ರೊ ಕೋನ್ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಶಂಕುವಿನಾಕಾರದ ಭಾಗ) ಬೆಸೆಯುವುದು. ದೂರು ಒಂದೇ: ಬೆಸುಗೆ 3 ಮಿ.ಮೀ. ಆಳಕ್ಕೆ ಇಳಿಯಬೇಕು, 2 ದಾಟುತ್ತಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಕರೆಂಟ್ ನಾಬ್‌ಗೆ. ನಾನು ಅದನ್ನು ಮುಟ್ಟುವುದಿಲ್ಲ. ಡಿಸ್ಚಾರ್ಜ್‌ಗೆ ಹಾಕಿದ ವಿದ್ಯುತ್ತಿನಲ್ಲಿ ಬೆಳಕಾಗಿ ಹೊರಬರುವುದು ಐದರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. 3 ಕಿಲೋವ್ಯಾಟ್ ಬೆಳಕು ಬೇಕೆಂದರೆ 12 ಕಿಲೋವ್ಯಾಟಿಗೂ ಮೀರಿದ ಶಾಖ ಅನಿಲದಲ್ಲೇ ಉಳಿಯುತ್ತದೆ. ಅನಿಲ 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕಾರ್ಬನ್ ಡೈಆಕ್ಸೈಡ್ ಅಣುವಿನ ಶಕ್ತಿಯ ಕೆಳಮಟ್ಟ ಶಾಖದಿಂದಲೇ ತುಂಬಿಕೊಳ್ಳುತ್ತದೆ, ಗೇನ್ (ಬೆಳಕನ್ನು ವರ್ಧಿಸುವ ಸಾಮರ್ಥ್ಯ) ಬೀಳುತ್ತದೆ. ಕರೆಂಟ್ ಏರಿಸಿದರೆ ಅನಿಲ ಇನ್ನಷ್ಟು ಬಿಸಿಯಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಒಡೆದು ಕಾರ್ಬನ್ ಮೊನಾಕ್ಸೈಡ್ ಮತ್ತು ಆಕ್ಸಿಜನ್ ಆಗುವುದೂ ಹೆಚ್ಚುತ್ತದೆ. ಒಂದು ವಾರ ಪವರ್ ಸಿಕ್ಕಂತೆ ಕಾಣುತ್ತದೆ, ಆಮೇಲೆ ಮೊದಲಿಗಿಂತ ಕೆಳಗೆ ಇಳಿಯುತ್ತದೆ.

ಹಾಗಾಗಿ ಮೊದಲ ಕೆಲಸ ಮೂರು ಕಡೆ ಪವರ್ ಅಳೆಯುವುದು: ಶಟರ್ ದಾಟಿದ ಮೇಲೆ, ಕಿರಣವನ್ನು ತಿರುಗಿಸುವ ಕೊನೆಯ ಬೆಂಡಿಂಗ್ ಮಿರರ್ ದಾಟಿದ ಮೇಲೆ, ಫೋಕಸಿಂಗ್ ಹೆಡ್‌ನ ಕೆಳಗೆ ಕಿರಣ ಸಾಕಷ್ಟು ಹರಡಿಕೊಂಡ ಜಾಗದಲ್ಲಿ. ಶಾಖ ಹೀರುವ ಪ್ರೋಬ್ ಸಾಕು, ಆದರೆ ಪ್ರತಿ ಸಲವೂ ಅಷ್ಟೇ ಸೆಕೆಂಡು ಹಿಡಿಯಬೇಕು, ಎರಡು ಅಳತೆಗಳ ನಡುವೆ ಪ್ರೋಬ್ ಪೂರ್ತಿ ತಣಿಯಬೇಕು. ತಾಮ್ರದ ಒಂದು ಮಿರರ್ ಶುಚಿಯಾಗಿದ್ದರೆ ನುಂಗುವುದು ಶೇ. 1ರಿಂದ 2. ನಾಲ್ಕು ಮಿರರ್ ಇರುವ ದಾರಿಯಲ್ಲಿ ಶೇ. 6ರ ಹತ್ತಿರ ಹೋದರೆ ಒಪ್ಪಬಹುದು. ಶೇ. 10 ದಾಟಿದರೆ ತೊಂದರೆ ದಾರಿಯಲ್ಲಿದೆ, ಟ್ಯೂಬಿನಲ್ಲಿ ಅಲ್ಲ. ಈ ಯಂತ್ರದಲ್ಲಿ ಎರಡೂ ಕಡೆ ಇತ್ತು: ಶಟರ್‌ನಲ್ಲೇ 2.3 ಕಿಲೋವ್ಯಾಟ್, ಹೆಡ್‌ನ ಕೆಳಗೆ 1.9.

ಟ್ಯೂಬಿನ ಕಡೆಯಿಂದ ಶುರು ಮಾಡಿದೆ. ಮುಚ್ಚಳ ತೆಗೆಯುವ ಮುನ್ನ ಮೇನ್ ಸ್ವಿಚ್‌ಗೆ ಬೀಗ, ಆಮೇಲೆ ಗ್ರೌಂಡಿಂಗ್ ಕೋಲಿನಿಂದ ಪ್ರತಿಯೊಂದು ಆನೋಡನ್ನೂ ಕೆಪಾಸಿಟರನ್ನೂ ಮುಟ್ಟಿಸುವುದು. ಇಲ್ಲಿ ಇರುವುದು ಹತ್ತಾರು ಕಿಲೋವೋಲ್ಟ್. ಈ ಒಂದು ಹಂತದಲ್ಲಿ ಅವಸರ ಮಾಡುವವರನ್ನು ನಾನು ಯಂತ್ರದ ಹತ್ತಿರ ಬಿಡುವುದಿಲ್ಲ.

ಸೋರಿಕೆ ನೋಡುವ ಕ್ರಮ ಸರಳ. ಅನಿಲದ ಇಡೀ ಸುತ್ತನ್ನು 1 ಮಿಲಿಬಾರ್‌ಗಿಂತ ಕೆಳಗೆ ಎಳೆದು, ಪಂಪಿನ ವಾಲ್ವ್ ಮುಚ್ಚಿ, ಒತ್ತಡ ಏರುವುದನ್ನು ನಿಮಿಷಕ್ಕೊಮ್ಮೆ ಬರೆದುಕೊಳ್ಳುವುದು. ಗೆರೆ ನೇರವಾಗಿ ಏರುತ್ತಲೇ ಇದ್ದರೆ ಸೋರಿಕೆ. ಮೊದಲು ಏರಿ ಆಮೇಲೆ ಬಾಗಿ ಮಟ್ಟಸವಾದರೆ ಒಳಗೋಡೆಯಿಂದ ಬಿಡುಗಡೆಯಾಗುತ್ತಿರುವ ತೇವ. ಸುತ್ತಿನ ಗಾತ್ರ 100 ಲೀಟರ್ ಎಂದುಕೊಳ್ಳಿ. 10 ನಿಮಿಷದಲ್ಲಿ 0.6 ಮಿಲಿಬಾರ್ ಏರಿದರೆ ಸೋರಿಕೆ ಸೆಕೆಂಡಿಗೆ 0.1 ಮಿಲಿಬಾರ್-ಲೀಟರ್. ನಾನು ಒಪ್ಪುವುದು 10 ನಿಮಿಷಕ್ಕೆ 0.05 ಮಿಲಿಬಾರ್, ಅದಕ್ಕಿಂತ ಹೆಚ್ಚಿಲ್ಲ. ಒಳಗೆ ಬಂದ ಗಾಳಿಯ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುವುದರಿಂದ ಡಿಸ್ಚಾರ್ಜ್ ಆರದೆ ಉಳಿಯಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಟ್ಯೂಬ್ ತುಂಬ ಸಮನಾಗಿ ಹೊಳೆಯಬೇಕಾದ ಬೆಳಕು ಎಳೆ ಎಳೆಯಾಗಿ ನಡುಗುವುದು ಇದರಿಂದಲೇ.

ಪಂಪ್ ಎಷ್ಟು ಓಡಿದರೂ ಒತ್ತಡ 20ರಿಂದ 30 ಮಿಲಿಬಾರ್ ನಡುವೆ ಹಟಹಿಡಿದು ನಿಂತರೆ ಒ-ರಿಂಗ್‌ನಲ್ಲಿ (ರಬ್ಬರ್ ಸೀಲ್ ಉಂಗುರ) ತಪ್ಪು ಹುಡುಕಬೇಡಿ. 20 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 23.4 ಮಿಲಿಬಾರ್, 25 ಡಿಗ್ರಿಯಲ್ಲಿ 31.7. ಅಂದರೆ ಹೀಟ್ ಎಕ್ಸ್‌ಚೇಂಜರ್ ತೂತಾಗಿ ಒಳಗೆ ನೀರು ನಿಂತಿದೆ ಎಂದೇ ಅರ್ಥ. ನಮ್ಮಲ್ಲಿ ಅಷ್ಟಾಗಿರಲಿಲ್ಲ. ಕ್ವಾರ್ಟ್ಜ್ ಟ್ಯೂಬ್‌ಗಳ ತುದಿಯ ವೈಟಾನ್ ಒ-ರಿಂಗ್‌ಗಳು ಶಾಖಕ್ಕೂ ಡಿಸ್ಚಾರ್ಜ್‌ನ ನೇರಳಾತೀತ ಬೆಳಕಿಗೂ ಸಿಕ್ಕಿ ಚಪ್ಪಟೆಯಾಗಿ ಬಿರುಕುಬಿಟ್ಟಿದ್ದವು. ಒಂದನ್ನೇ ಬದಲಿಸಿ ನಿಲ್ಲಿಸಬಾರದು, ಎಲ್ಲವೂ ಅಷ್ಟೇ ಗಂಟೆ ದುಡಿದಿರುತ್ತವೆ. ವ್ಯಾಕ್ಯೂಮ್ ಗ್ರೀಸ್ ಹೊಳಪು ಬರುವಷ್ಟು ಮಾತ್ರ ಸವರಬೇಕು. ಮಿರರ್ ಹತ್ತಿರದ ರಿಂಗ್‌ಗಳಿಗೆ ಅದೂ ಬೇಡ.

ಹೆಚ್ಚು ಪವರ್ ಮರಳಿದ್ದು ಹೀಟ್ ಎಕ್ಸ್‌ಚೇಂಜರಿನಿಂದ. ರೆಕ್ಕೆಗಳ ಮೇಲೆ ಎಲೆಕ್ಟ್ರೋಡ್‌ನಿಂದ ಉದುರಿದ ಕಪ್ಪು ಧೂಳು, ಒಳಗೆ ಬೋರ್‌ವೆಲ್ ನೀರಿನ ಸುಣ್ಣ. ಬೆಂಗಳೂರಿನ ಸುತ್ತ ಎಲ್ಲಿ ಹೋದರೂ ಈ ಸುಣ್ಣದ ಕಾಟ ತಪ್ಪಿದ್ದಲ್ಲ. ಶೇ. 5ರ ಸಿಟ್ರಿಕ್ ಆಮ್ಲವನ್ನು 40–50 ಡಿಗ್ರಿಗೆ ಬಿಸಿಮಾಡಿ ಎರಡು ಗಂಟೆ ಸುತ್ತಿಸಿದೆ, ಹೊರಬರುವ ನೀರು ಪಿ.ಎಚ್. 7ಕ್ಕೆ ಬರುವವರೆಗೆ ತೊಳೆದೆ. ಸುತ್ತಿನಲ್ಲಿ ಅಲ್ಯೂಮಿನಿಯಂ ಭಾಗವಿದ್ದರೆ ಅದನ್ನು ಬೈಪಾಸ್ ಮಾಡಿಯೇ ಆಮ್ಲ ಬಿಡಬೇಕು. ಆಮೇಲೆ ಎಕ್ಸ್‌ಚೇಂಜರನ್ನು ಹೊರಗಿಟ್ಟು, ನೀರಿನ ಬದಿಗೆ ಒಣ ನೈಟ್ರೋಜನ್ ತುಂಬಿ, ಒತ್ತಡ ಒಂದು ರಾತ್ರಿ ಇಳಿಯದೆ ನಿಲ್ಲುತ್ತದೆಯೇ ಎಂದು ನೋಡುವುದು ಕಡ್ಡಾಯ. ತೂತನ್ನು ಮುಚ್ಚಿಟ್ಟಿದ್ದದ್ದು ಸುಣ್ಣವೇ ಆಗಿದ್ದರೆ ತೊಳೆದ ಮೇಲೆ ಅದು ತೆರೆದುಕೊಳ್ಳುತ್ತದೆ. ಈಗ ಡಿ.ಎಂ. (ಖನಿಜ ತೆಗೆದ) ನೀರು, ತುಕ್ಕು ತಡೆಯುವ ಮಿಶ್ರಣದೊಂದಿಗೆ. ಬೋರ್‌ವೆಲ್ ನೀರು ಮತ್ತೆ ಒಳಗೆ ಹೋಗುವುದಿಲ್ಲ.

ಅನಿಲದ ಬಗ್ಗೆ ಸ್ವಲ್ಪ. ನೈಟ್ರೋಜನ್ ಶಕ್ತಿಯನ್ನು ಹೊತ್ತು ಕಾರ್ಬನ್ ಡೈಆಕ್ಸೈಡ್‌ಗೆ ಕೊಡುತ್ತದೆ. ಹೀಲಿಯಂ ಕೆಳಮಟ್ಟವನ್ನು ಬರಿದು ಮಾಡುತ್ತದೆ, ಶಾಖವನ್ನೂ ಗೋಡೆಗೆ ಒಯ್ಯುತ್ತದೆ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಈ ಲೇಸರನ್ನು ಕಂಡುಹಿಡಿದ ಮೇಲೆ ಪವರ್ ಏರಿದ್ದು ಈ ಎರಡು ಅನಿಲಗಳು ಸೇರಿದ್ದರಿಂದ. ಹೀಲಿಯಂ ದುಬಾರಿ ಎಂದು ಅದರ ಪಾಲು ಕಡಿಮೆ ಮಾಡುವುದು ಯಂತ್ರಕ್ಕೆ ಜ್ವರ ಬರಿಸಿದಂತೆ. ಸಿಲಿಂಡರಿನಿಂದ ಯಂತ್ರದವರೆಗೆ ಇದ್ದ ಪ್ಲಾಸ್ಟಿಕ್ ಹೋಸ್ ಕಿತ್ತು ಸ್ಟೇನ್‌ಲೆಸ್ ಕೊಳವೆ ಹಾಕಿದೆ, ಏಕೆಂದರೆ ಪ್ಲಾಸ್ಟಿಕ್ ಗೋಡೆಯ ಮೂಲಕ ತೇವ ಒಳಗೆ ಇಳಿಯುತ್ತದೆ. ಸಿಲಿಂಡರ್ ಬದಲಿಸಿದಾಗಲೆಲ್ಲ ರೆಗ್ಯುಲೇಟರಿಗೆ ಅನಿಲ ತುಂಬಿಸಿ ಖಾಲಿ ಮಾಡುವುದನ್ನು ಐದು ಸಲ ಮಾಡಬೇಕು.

ಈಗ ಔಟ್‌ಪುಟ್ ಮಿರರ್, ಟ್ಯೂಬಿನಿಂದ ಕಿರಣ ಹಾದು ಹೊರಬರುವ ಮಿರರ್. ಇದು ಜಿಂಕ್ ಸೆಲೆನೈಡ್, ಅರಿಶಿನ ಬಣ್ಣದ ಗಾಜಿನಂತೆ ಕಾಣುತ್ತದೆ. 3 ಕಿಲೋವ್ಯಾಟ್ ಹಾದುಹೋಗುವಾಗ ಶೇ. 0.2 ಹೀರಿದರೆ 6 ವ್ಯಾಟ್, ಕೊಳೆಯಾಗಿ ಶೇ. 1 ಹೀರಿದರೆ 30 ವ್ಯಾಟ್. ನಡುಭಾಗ ಬಿಸಿಯಾಗಿ ಅಂಚು ತಣ್ಣಗಿದ್ದರೆ ಮಿರರ್ ತಾನೇ ಲೆನ್ಸ್ ಆಗಿಬಿಡುತ್ತದೆ. ಇದನ್ನು ಹಿಡಿಯುವ ಪರೀಕ್ಷೆ ಇಷ್ಟೇ: ಅಕ್ರಿಲಿಕ್ ತುಂಡಿನ ಮೇಲೆ ಶಟರ್ ತೆರೆದ ಮೊದಲ ಸೆಕೆಂಡಿನ ಗುರುತು ಒಂದು, ಕಿರಣವನ್ನು ಡಂಪ್‌ಗೆ (ಅದನ್ನು ಹೀರಿಕೊಳ್ಳುವ ಭಾಗಕ್ಕೆ) ಒಂದು ನಿಮಿಷ ಬಿಟ್ಟ ನಂತರದ ಗುರುತು ಇನ್ನೊಂದು. ಎರಡೂ ಒಂದೇ ಆಕಾರದಲ್ಲಿದ್ದರೆ ಮಿರರ್ ಸರಿ. ಎರಡನೆಯದು ಅಗಲವಾಗಿ ತಳ ಚಪ್ಪಟೆಯಾಗಿದ್ದರೆ ಮಿರರ್ ಬಿಸಿಯಾಗುತ್ತಿದೆ. ಅಕ್ರಿಲಿಕ್ ಹೊಗೆ ಒಳ್ಳೆಯದಲ್ಲ, ಎಕ್ಸಾಸ್ಟ್ ಓಡುತ್ತಿರಲಿ. ಮಿರರನ್ನು ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದು ನೋಡಿದರೆ ಸ್ಕ್ರೂ ಬಿಗಿಯಾಗಿ ಬಿದ್ದ ಒತ್ತಡವೂ ಬೆಳಕಿನ ಪಟ್ಟಿಯಾಗಿ ಕಾಣುತ್ತದೆ.

ತೊಳೆಯುವುದನ್ನು ಅನೇಕರು ಕೆಡಿಸುತ್ತಾರೆ. ಮೊದಲು ಬಲ್ಬ್ ಬ್ಲೋವರಿನಿಂದ ಧೂಳು ಹಾರಿಸಬೇಕು, ಬಾಯಿಂದ ಊದಬಾರದು. ಲೆನ್ಸ್ ಟಿಶ್ಯೂವನ್ನು ಮಿರರ್ ಮೇಲೆ ಹಾಸಿ, ಶುದ್ಧ ಅಸಿಟೋನ್‌ನ ಒಂದೆರಡು ಹನಿ ಬಿಟ್ಟು, ಟಿಶ್ಯೂವನ್ನು ಒತ್ತದೆ ಒಂದೇ ದಿಕ್ಕಿಗೆ ಎಳೆಯಬೇಕು. ಹನಿ ಟಿಶ್ಯೂ ಹಿಂದೆಯೇ ಒಣಗುತ್ತ ಬರುವ ವೇಗ ಸರಿಯಾದ ವೇಗ. ಮತ್ತೆ ಹೊಸ ಟಿಶ್ಯೂ, ಐಸೊಪ್ರೊಪೈಲ್ ಆಲ್ಕೊಹಾಲ್. ಒಂದು ಟಿಶ್ಯೂ ಒಂದೇ ಸಲಕ್ಕೆ. ಸುಟ್ಟು ಒಡೆದ ಮಿರರ್ ಸಿಕ್ಕರೆ ಕೈಗವಸಿಲ್ಲದೆ ಮುಟ್ಟಬೇಡಿ. ಸೆಲೆನಿಯಂ ವಿಷ, ಎ.ಆರ್. (ಪ್ರತಿಫಲನ ತಡೆಯುವ) ಕೋಟಿಂಗ್‌ನಲ್ಲಿ ಥೋರಿಯಂ ಇರುವುದೂ ಉಂಟು.

ಮಳೆಗಾಲದ ಒಂದು ಕಾಯಿಲೆ ಬೇರೆಯೇ ಇದೆ. ಗಾಳಿ 28 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಇಬ್ಬನಿ ಕಟ್ಟುವ ಬಿಂದು 22 ಡಿಗ್ರಿ. ಮಂಗಳೂರಿನ ಕಡೆ 30 ಡಿಗ್ರಿ, ಶೇ. 80 ಎಂದರೆ 26. ಚಿಲ್ಲರ್ 20ಕ್ಕೆ ಇಟ್ಟಿದ್ದರೆ ಮಿರರ್‌ಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರು ಕೂರುತ್ತದೆ. ಸಿಓಟು ಲೇಸರಿನ 10.6 ಮೈಕ್ರಾನ್ ಬೆಳಕನ್ನು ನೀರು ಚೆನ್ನಾಗಿ ಹೀರುತ್ತದೆ, ಬೆಳಗಿನ ಮೊದಲ ಶಾಟ್‌ಗೇ ಕೋಟಿಂಗ್ ಸುಡುತ್ತದೆ. ಹಾಗಾಗಿ ಚಿಲ್ಲರ್ ಸುತ್ತನ್ನು ಎರಡು ಮಾಡಿದೆ: ಅನಿಲಕ್ಕೂ ಬ್ಲೋವರಿಗೂ ತಣ್ಣನೆಯ ಸುತ್ತು, ಮಿರರ್‌ಗಳಿಗೆ 27 ಡಿಗ್ರಿಯ ಸುತ್ತು, ಲೇಸರ್ ನಿಂತರೆ ಮಿರರ್ ನೀರೂ ನಿಲ್ಲುವಂತೆ ಒಂದು ವಾಲ್ವ್.

ಟ್ಯೂಬಿನ ಕಡೆ ಇಷ್ಟಾದ ಮೇಲೆ ಶಟರ್‌ನಲ್ಲಿ 2.9 ಕಿಲೋವ್ಯಾಟ್ ಬಂತು, ಕರೆಂಟ್ ಮೊದಲಿನಷ್ಟೇ.

ದಾರಿಯ ನಷ್ಟಕ್ಕೆ ಅರ್ಧ ಕಾರಣ ಮಿರರ್ ಮೇಲಿನ ಎಣ್ಣೆ, ಕಂಪ್ರೆಸರ್ ಗಾಳಿಯಿಂದ ಬಂದದ್ದು. ಇನ್ನರ್ಧ ಹರಿದ ಬೆಲ್ಲೋಸ್‌ನಿಂದ (ಕಿರಣದ ದಾರಿಗೆ ಹೊದಿಸಿದ ಮಡಿಕೆ ಕವಚ) ಒಳನುಗ್ಗುತ್ತಿದ್ದ ಸಾಲ್ವೆಂಟ್ ಆವಿ. ತೊಳೆಯುವ ಟ್ಯಾಂಕ್ ಪಕ್ಕದಲ್ಲೇ ಇತ್ತು. ಇಂಥ ಆವಿ ಈ ತರಂಗಾಂತರವನ್ನು ಹೀರಿ ಬಿಸಿಯಾಗಿ ಕಿರಣವನ್ನು ಹರಡಿಸುತ್ತದೆ. ಬೆಲ್ಲೋಸ್ ಬದಲಿಸಿ, ಒಣ ನೈಟ್ರೋಜನ್ ಪರ್ಜ್ ಕೊಟ್ಟು, ಟ್ಯಾಂಕನ್ನು ಸ್ಥಳಾಂತರಿಸಿದೆವು.

ಹೆಡ್‌ನಲ್ಲಿದ್ದ ಲೆನ್ಸ್ ತೆಗೆದು 200 ಮಿ.ಮೀ. ಫೋಕಸ್‌ನ, ನೀರು ಹರಿಯುವ ತಾಮ್ರದ ಪ್ಯಾರಬೋಲಿಕ್ ಮಿರರ್ ಹಾಕಿದ್ದು ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಬದಲಾವಣೆ. ಬೆಸುಗೆಯ ಕಿಡಿ ಬಿದ್ದರೂ ತಾಮ್ರ ತಡೆಯುತ್ತದೆ, ಲೆನ್ಸ್‌ನಂತೆ ಬಿಸಿಯಾಗಿ ಫೋಕಸ್ ಸರಿಯುವುದಿಲ್ಲ. ಒಳಬರುವ ಕಿರಣ 20 ಮಿ.ಮೀ., ಎಂ-ಸ್ಕ್ವೇರ್ (ಕಿರಣದ ಗುಣಮಟ್ಟದ ಅಳತೆ, 1 ಇದ್ದರೆ ಪರಿಪೂರ್ಣ) 2 ಎಂದರೆ ಚುಕ್ಕೆಯ ವ್ಯಾಸ 0.27 ಮಿ.ಮೀ., ಫೋಕಸ್‌ನ ಆಳ ಮೇಲೆ ಕೆಳಗೆ 2.7 ಮಿ.ಮೀ. ಆದರೆ ಪ್ಯಾರಬೋಲಿಕ್ ಮಿರರ್ ಓರೆಯನ್ನು ಸಹಿಸುವುದಿಲ್ಲ. ಫೋಕಸ್‌ಗೆ ಸ್ವಲ್ಪ ಮೇಲೊಂದು, ಕೆಳಗೊಂದು ಗುರುತು ಸುಟ್ಟು ನೋಡಿ. ಮೇಲಿನದು ಉದ್ದುದ್ದ, ಕೆಳಗಿನದು ಅಡ್ಡಡ್ಡ ಮೊಟ್ಟೆಯಾಗಿದ್ದರೆ ಕಿರಣ ಅಕ್ಷಕ್ಕೆ ಸಮಾನಾಂತರವಾಗಿ ಬರುತ್ತಿಲ್ಲ. ಎರಡೂ ದುಂಡಗಾಗುವವರೆಗೆ ಹಿಂದಿನ ಬೆಂಡಿಂಗ್ ಮಿರರಿನ ಸ್ಕ್ರೂ ತಿರುಗಿಸಬೇಕು. ಮಿರರ್ ಕೆಳಗೆ ಅಡ್ಡಗಾಳಿಯ ಕ್ರಾಸ್ ಜೆಟ್, ಅದರ ಗಾಳಿ ಬೆಸುಗೆಯ ಕಡೆ ಇಳಿಯದಂತೆ.

ಬೆಸುಗೆಯನ್ನು ಗಾಳಿಯಿಂದ ಕಾಯುವ ಶೀಲ್ಡ್ ಅನಿಲವಾಗಿ ಆರ್ಗಾನ್ ಕೊಡುತ್ತಿದ್ದರು. ಆರ್ಗಾನ್ 15.8 ಎಲೆಕ್ಟ್ರಾನ್ ವೋಲ್ಟ್‌ಗೇ ಅಯಾನಾಗುತ್ತದೆ, ಹೀಲಿಯಂಗೆ 24.6 ಬೇಕು. ಕೀಹೋಲ್ (ಕಿರಣ ಲೋಹದಲ್ಲಿ ಕೊರೆಯುವ ಕಿರಿದಾದ ಕುಳಿ) ಮೇಲೆ ಆರ್ಗಾನ್ ಪ್ಲಾಸ್ಮಾ ಕಟ್ಟಿಕೊಂಡು ಕಿರಣವನ್ನು ತಾನೇ ಕುಡಿಯುತ್ತದೆ. ಈ ಹೀರುವಿಕೆ ತರಂಗಾಂತರದ ವರ್ಗಕ್ಕೆ ಅನುಗುಣ, ಆದ್ದರಿಂದ 1.07 ಮೈಕ್ರಾನಿನ ಫೈಬರ್ ಲೇಸರಿಗಿಂತ ನಮಗೆ ಸುಮಾರು 100 ಪಟ್ಟು. ಫೈಬರ್ ಯಂತ್ರದವರು ಆರ್ಗಾನ್‌ನಲ್ಲೇ ನಿಭಾಯಿಸುತ್ತಾರೆಂದು ಅದನ್ನು ಇಲ್ಲಿ ನಕಲು ಮಾಡಬಾರದು. ಹೀಲಿಯಂ ನಿಮಿಷಕ್ಕೆ 18 ಲೀಟರ್, 5 ಮಿ.ಮೀ. ಒಳವ್ಯಾಸದ ಪಕ್ಕದ ನಳಿಗೆ 45 ಡಿಗ್ರಿ ಓರೆಯಲ್ಲಿ, ತುದಿ ಕೀಹೋಲ್‌ನಿಂದ 6 ಮಿ.ಮೀ. ದೂರದಲ್ಲಿ. ಮೇಲೇಳುವ ನೀಲಿಬಿಳುಪಿನ ಜ್ವಾಲೆ ಗಿಡ್ಡವಾದರೆ ಸರಿಯಾದ ಜಾಗ ಸಿಕ್ಕಿದೆ.

ಇನ್ನು ಗೇರ್. ಕಾರ್ಬರೈಸ್ ಆದ (ಕಾರ್ಬನ್ ಸೇರಿಸಿ ಗಟ್ಟಿಮಾಡಿದ) ಪದರವನ್ನು ಜೋಡಣೆಯ ಜಾಗದಲ್ಲಿ ಲೇತ್‌ನಲ್ಲಿ ಪೂರ್ತಿ ತೆಗೆಯದೆ ಬೆಸೆದರೆ ಹೆಚ್ಚಿನ ಕಾರ್ಬನ್‌ನಿಂದ ನಡುಗೆರೆಯುದ್ದಕ್ಕೂ ಬಿರುಕು ಬರುವುದು ಖಂಡಿತ. ಕ್ವೆಂಚ್ ಎಣ್ಣೆಯ ಒಂದು ಹನಿ ಉಳಿದರೂ ರಂಧ್ರ. ತೊಳೆದು 120 ಡಿಗ್ರಿಯಲ್ಲಿ ಒಣಗಿಸಿ, ಬಿಗಿ ಕೂರಿಕೆ 0.03 ಮಿ.ಮೀ. ದಾಟದಂತೆ ಪ್ರೆಸ್ ಮಾಡಿ, ಬೆಸುಗೆಯ ಹಿಂದಿನ ಪೊಳ್ಳಿಗೆ ಗಾಳಿ ಹೊರಹೋಗುವ ಸಣ್ಣ ದಾರಿ ಬಿಟ್ಟೆ. ವೇಗ ನಿಮಿಷಕ್ಕೆ 2 ಮೀಟರ್, ಫೋಕಸ್ ಮೇಲ್ಮೈಯಿಂದ 0.5 ಮಿ.ಮೀ. ಕೆಳಗೆ. ಸುತ್ತು ಮುಗಿದ ಮೇಲೆ ಶುರುವಿನ ಬೆಸುಗೆಯ ಮೇಲೆಯೇ 25 ಡಿಗ್ರಿ ಮೇಲುಹಾಸು, ಅದರಲ್ಲೇ ಪವರ್ ನಿಧಾನ ಇಳಿಸುವುದು. ಒಮ್ಮೆಲೇ ನಿಲ್ಲಿಸಿದರೆ ಕೀಹೋಲ್ ಕುಸಿದು ಕೊನೆಯಲ್ಲಿ ಕುಳಿಯೂ ಬಿರುಕೂ ಉಳಿಯುತ್ತವೆ.

ಪ್ರತಿ ಶಿಫ್ಟಿನ ಮೊದಲ ಗೇರನ್ನು ಕೊಯ್ದು, ಪಾಲಿಶ್ ಮಾಡಿ, ಶೇ. 3ರ ನೈಟಾಲ್ (ಆಲ್ಕೊಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಸವರಿ ನಾಲ್ಕು ಕಡೆ ಆಳ ಅಳೆಯುತ್ತೇವೆ. ಅದೇ ಹಾಳೆಯಲ್ಲಿ ಮೂರು ಕಡೆಯ ಪವರ್, ಎರಡೂ ನೀರಿನ ಉಷ್ಣತೆ, ಅನಿಲದ ಒತ್ತಡ. ನಾಲ್ಕು ಕಡೆಯ ಆಳದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡ ದಿನ ಲೇಸರನ್ನು ಮುಟ್ಟದೆ ಮೊದಲು ಚಕ್‌ನ ರನ್‌ಔಟ್ (ತಿರುಗುವಾಗಿನ ಓಲಾಟ) ನೋಡುತ್ತೇವೆ.