ನೆಲದ ಮೇಲೊಂದು ಘನ: ಭಾವಿ ಶಿಕ್ಷಕರಿಗೆ ರೇಖಾಗಣಿತ ಕಲಿಸಿದ ನನ್ನ ಅನುಭವ

ಘನದ ಚಿತ್ರ ಬಿಡಿಸಿ ಅಂದರೆ ನಮ್ಮ ಡಿ.ಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಪ್ರಶಿಕ್ಷಣಾರ್ಥಿಗಳೆಲ್ಲ ಒಂದೇ ಚಿತ್ರ ಬಿಡಿಸುತ್ತಾರೆ. ಎದುರಿಗೊಂದು ಚೌಕ, ಸ್ವಲ್ಪ ಮೇಲೆ ಬಲಕ್ಕೆ ಇನ್ನೊಂದು ಚೌಕ, ಮೂಲೆ ಸೇರಿಸುವ ನಾಲ್ಕು ಓರೆ ಗೆರೆ. ಮುಖ 6, ಅಂಚು 12, ಶೃಂಗ 8 ಎಂದು ಥಟ್ಟನೆ ಹೇಳುತ್ತಾರೆ. ‘ಘನದ ಮುಖಗಳೆಲ್ಲ ಚೌಕ ಅಲ್ವಾ? ಹಾಗಾದ್ರೆ ನೀವು ಬಿಡಿಸಿದ ಪಕ್ಕದ ಮುಖ ಯಾಕೆ ಚೌಕವಾಗಿಲ್ಲ?’ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ನಾಳೆ ನಾಲ್ಕನೇ ತರಗತಿಯ ಮಗು ಇದನ್ನೇ ಕೇಳಬಹುದು. ಈ ಪ್ರಶ್ನೆಗಾಗಿಯೇ ನಾನು ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ಬಳಸತೊಡಗಿದೆ. ಫೋನಿನ ಕ್ಯಾಮೆರಾದಲ್ಲಿ ಕಾಣುವ ನಿಜವಾದ ಜಾಗದಲ್ಲೇ ಕಂಪ್ಯೂಟರಿನ ಆಕೃತಿಯನ್ನು ಇಟ್ಟಂತೆ ತೋರಿಸುವ ತಂತ್ರ ಇದು.

ಬೇಕಾದದ್ದು ಜಾಸ್ತಿ ಏನಿಲ್ಲ. ಗಣಿತ ಕಲಿಕೆಯ ತಂತ್ರಾಂಶ ಜಿಯೋಜಿಬ್ರಾದ ತ್ರೀಡಿ ಕ್ಯಾಲ್ಕ್ಯುಲೇಟರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಘನ ಮಾಡಿ ಎಆರ್ ಬಟನ್ ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ, ಘನ ನೆಲದ ಮೇಲೆ ಕೂರುತ್ತದೆ. ನಾವು ಸುತ್ತ ನಡೆದರೂ ಅದು ಇದ್ದಲ್ಲೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಾದರೆ ಎಆರ್ ನಡೆಸುವ ಗೂಗಲ್‌ನ ತಂತ್ರಾಂಶ ಎಆರ್‌ಕೋರ್ ಕೆಲಸ ಮಾಡುವ ಫೋನ್ ಬೇಕು. ಎಲ್ಲರ ಫೋನಿನಲ್ಲೂ ಅದು ನಡೆಯುವುದಿಲ್ಲ, ಹಾಗಾಗಿ ಗುಂಪಿಗೊಂದು ಫೋನ್. ಬರಿಯ ಬಿಳಿ ಟೈಲ್ಸ್ ನೆಲವನ್ನು ಗುರುತಿಸಲು ಆ್ಯಪ್ ಒದ್ದಾಡುತ್ತದೆ, ಅಲ್ಲಿ ಅದಕ್ಕೆ ಹಿಡಿಯಲು ಗುರುತುಗಳೇ ಇರುವುದಿಲ್ಲ. ಹಳೇ ಪೇಪರ್ ಅಥವಾ ಜಮಖಾನ ಹಾಸಿ, ಕಿಟಕಿ ತೆರೆದರೆ ಸರಿಹೋಗುತ್ತದೆ.

ಮೊದಲ ಕೆಲಸ: ‘ನಿಮ್ಮ ಚಿತ್ರದಲ್ಲಿರುವ ಹಾಗೇ ಘನ ಕಾಣುವ ಜಾಗ ಹುಡುಕಿ.’ ಫೋನ್ ಹಿಡಿದು ಕೂರುತ್ತಾರೆ, ಏಳುತ್ತಾರೆ, ಪಕ್ಕಕ್ಕೆ ಸರಿಯುತ್ತಾರೆ. ಹತ್ತಿರ ಹತ್ತಿರ ಬರುತ್ತದೆ, ಪೂರ್ತಿ ಸಿಗುವುದಿಲ್ಲ. ಯಾಕೆಂದರೆ ನಾವು ಬಿಡಿಸುವ ಚಿತ್ರದಲ್ಲಿ ಹಿಂದಕ್ಕೆ ಹೋಗುವ ಅಂಚುಗಳು ಸಮಾನಾಂತರವಾಗಿವೆ. ಕ್ಯಾಮೆರಾದಲ್ಲಿ ಅವು ದೂರ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಅಷ್ಟೊತ್ತಿಗೆ ಯಾರಾದರೂ ‘ಮೇಡಂ, ನಾವು ಬಿಡಿಸಿದ್ದು ಘನ ಕಾಣೋ ರೀತಿ ಅಲ್ಲ’ ಅನ್ನುತ್ತಾರೆ. ನನಗೆ ಬೇಕಾದ ಮಾತು ಅದೇ. ಕಪ್ಪುಹಲಗೆಯ ಘನ ದೊಡ್ಡವರು ಮಾಡಿಕೊಂಡ ಒಂದು ಒಪ್ಪಂದ. ಅದನ್ನು ಓದುವುದನ್ನು ಮಗುವಿಗೆ ಕಲಿಸಬೇಕಾಗುತ್ತದೆ. ಇದನ್ನು ಶಿಕ್ಷಕರು ಸ್ವತಃ ಕಾಣದೆ ಮಗುವಿಗೆ ತೋರಿಸಲಾರರು.

ಎಲ್ಲದಕ್ಕೂ ಎಆರ್ ಬೇಡ. ಮೂಲೆಯ ಮೇಲೆ ನಿಲ್ಲಿಸಿದ ಚೌಕವನ್ನು ‘ವಜ್ರಾಕೃತಿ’ ಅನ್ನುವವರು ನಮ್ಮಲ್ಲೂ ಇದ್ದಾರೆ. ಗುಣ ನೋಡದೆ ಬರಿಯ ನೋಟದಿಂದ ಆಕೃತಿ ಗುರುತಿಸುವ ಈ ಹಂತವನ್ನು ನೆದರ್ಲೆಂಡ್ಸ್‌ನ ವಾನ್ ಹೀಲೆ ದಂಪತಿ 1957ರಲ್ಲೇ ವಿವರಿಸಿದ್ದಾರೆ. ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು ಸುತ್ತ ನಡೆಸಿದರೆ ಸಾಕು. ಘನದ ಜಾಲಾಕೃತಿಗೂ, ಅಂದರೆ ಘನವನ್ನು ಬಿಚ್ಚಿ ಹರಡಿದಾಗ ಸಿಗುವ ಆರು ಚೌಕಗಳ ಆಕೃತಿಗೂ, ಕಾಗದ, ಕತ್ತರಿಯೇ ಒಳ್ಳೆಯದು. ಘನವಾಗಿ ಮಡಚಬಹುದಾದ ಜಾಲಾಕೃತಿಗಳು 11. ಅವು ಕೈಯಲ್ಲಿ ಮಡಚಿದಾಗಲೇ ತಲೆಗೆ ಹೋಗುತ್ತವೆ.

ಘನವನ್ನು ಕತ್ತರಿಸಿ ನೋಡುವ ಪಾಠಕ್ಕೆ ಮಾತ್ರ ಎಆರ್‌ನಷ್ಟು ಅನುಕೂಲ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. 2 ಅಳತೆಯ ಘನವನ್ನು ಮೂಲಬಿಂದುವಿನಿಂದ ಶುರುಮಾಡಿ ಎಲ್ಲ ಅಂಚುಗಳೂ ಅಕ್ಷಗಳಿಗೆ ಸಮಾನಾಂತರವಾಗಿರುವಂತೆ ಇಡುತ್ತೇವೆ. ಎಕ್ಸ್ + ವೈ + ಝಡ್ = ಎ ಎಂಬ ಸಮತಲ ಹಾಕಿ, ‘ಎ’ಗೆ ಸ್ಲೈಡರ್, ಅಂದರೆ ಬೆರಳಿನಿಂದ ಸರಿಸಿ ಬೆಲೆ ಬದಲಿಸುವ ಗುಂಡಿ, ಕೊಡುತ್ತೇವೆ. ಸ್ಲೈಡರ್ ಸರಿಸುವ ಮೊದಲು, ಕೊಯ್ದ ಜಾಗ ಯಾವ ಆಕಾರದ್ದು ಎಂದು ಎಲ್ಲರೂ ಪುಸ್ತಕದಲ್ಲಿ ಬಿಡಿಸಲೇಬೇಕು. ಊಹೆ ಬರೆಯದೆ ನೋಡಿದರೆ ಅದು ಸುಮ್ನೆ ತಮಾಷೆಯಾಗಿ ಮುಗಿಯುತ್ತದೆ. ಹೆಚ್ಚಿನವರು ತ್ರಿಭುಜ ಬಿಡಿಸುತ್ತಾರೆ. ‘ಎ’ 2 ದಾಟುವವರೆಗೂ ಅದು ಸರಿ. 3ಕ್ಕೆ ಬಂದಾಗ ಘನದ ನಟ್ಟನಡುವೆ ಆರೂ ಬದಿ ಸಮವಾದ ಷಡ್ಭುಜ! ಬಗ್ಗಿ, ಸುತ್ತ ನಡೆದು ಬದಿಗಳನ್ನು ಎಣಿಸುತ್ತಾರೆ. ಒಂದೊಂದು ಮುಖದಲ್ಲಿ ಒಂದೊಂದು ಬದಿ ಇರುವುದು ಕಂಡಾಗ, ಏಳು ಬದಿ ಯಾಕೆ ಬರಲಾರದು ಎನ್ನುವುದನ್ನೂ ಅವರೇ ಹೇಳುತ್ತಾರೆ.

‘ಐದು ಬರಲ್ವಾ ಮೇಡಂ?’ ಎಂಬ ಪ್ರಶ್ನೆ ಬಂದರೆ ನನಗೆ ಬಹಳ ಖುಷಿ. ಈ ಸಮತಲದಲ್ಲಿ ಬರುವುದಿಲ್ಲ, ವಾಲಿಸಿ ನೋಡಿ ಅನ್ನುತ್ತೇನೆ. ಎಕ್ಸ್ + ವೈ + 2ಝಡ್ = 5 ಹಾಕಿದರೆ ಪಂಚಭುಜ ಸಿಗುತ್ತದೆ. ಆಮೇಲೆ ಬಟ್ಟೆ ಸೋಪಿನ ಬಾರಿನಿಂದ ಘನ ಕೊಯ್ದು, ಅಂಚುಗಳ ನಡುಬಿಂದು ಗುರುತಿಸಿ ಚಾಕು ಹಾಕುತ್ತೇವೆ. ಪರದೆಯಲ್ಲಿ ಕಂಡ ಷಡ್ಭುಜ ಕೈಗೇ ಸಿಗುತ್ತದೆ. ಈ ಹಂತ ನಾನು ಬಿಡುವುದಿಲ್ಲ. ಅವರು ಹೋಗುವ ಶಾಲೆಯಲ್ಲಿ ಮಕ್ಕಳ ಕೈಗೆ ಫೋನ್ ಇರುವುದಿಲ್ಲ, ಸೋಪು ಇರುತ್ತದೆ.

ಬೋಧನಾಭ್ಯಾಸಕ್ಕೆ ಹೋದ ಒಬ್ಬಳು ಫೋನ್ ಹೊರಗೆ ತೆಗೆಯಲೇ ಇಲ್ಲ. ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟು, ‘ಕೂತಲ್ಲಿಂದ ಕಾಣುವಷ್ಟೇ ಬಿಡಿಸಿ’ ಅಂದಳು. ನೇರ ಎದುರಿಗೆ ಕೂತವನು ಬರೀ ಒಂದು ಆಯತ ಬಿಡಿಸಿದ, ಪಕ್ಕದ ಸಾಲಿನವಳು ಎರಡು ಮುಖ. ಚಿತ್ರಗಳನ್ನೆಲ್ಲ ಗೋಡೆಗೆ ಅಂಟಿಸಿ, ಯಾವುದನ್ನು ಎಲ್ಲಿ ಕೂತವರು ಬಿಡಿಸಿರಬಹುದು ಎಂದು ಮಕ್ಕಳಿಂದಲೇ ಹುಡುಕಿಸಿದಳು. ಆ ಪಾಠಯೋಜನೆಯನ್ನು ಈಗ ನಾನು ಪ್ರತಿ ಬ್ಯಾಚಿಗೂ ಕೊಡುತ್ತೇನೆ, ಎಆರ್ ತರಗತಿ ಮುಗಿದ ಮರುದಿನವೇ.